ಬೊಡ್ಡೆ ಕೀಳಲು ಊರಲ್ಲೇ ಮಾಡಿಸಿದ ರಿಪ್ಪರ್: ಜೆಸಿಬಿ ತೋಳು ತಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಹತ್ತಿರದ ಹಳ್ಳಿ. ಎಂಟು ಎಕರೆಯಲ್ಲಿ ಅಪ್ಪ ಹಾಕಿಸಿದ್ದ ನೀಲಗಿರಿ ತೋಪು ಇತ್ತು. ನಾಲ್ಕು ಸಲ ಕಡಿದು ಮಾರಿದ್ದೇವೆ. ಈಗ ಬೊಡ್ಡೆ ತೆಗೆಸಿ ಅರ್ಧಕ್ಕೆ ರಾಗಿ, ಅರ್ಧಕ್ಕೆ ಮಾವು ಮಾಡುವ ಆಸೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಜೆಸಿಬಿ 3ಡಿಎಕ್ಸ್ ತೆಗೆದುಕೊಂಡೆ, 2014ರ ಮಾಡೆಲ್. ಹಿಂದಿನ ಬಕೆಟ್ಟಿನಲ್ಲೇ ಬೊಡ್ಡೆ ಕೀಳಲು ಹೋಗಿ ಎರಡು ಹಲ್ಲು ಮುರಿದವು. ಬಕೆಟ್ಟಿನ ಬಾಯಿ ಒಂದು ಕಡೆ ಸೊಟ್ಟಗಾಗಿ ಬಿರುಕು ಬಿಟ್ಟಿದೆ. ದಿನಕ್ಕೆ ನಲವತ್ತು ಬೊಡ್ಡೆ ತೆಗೆದರೆ ಹೆಚ್ಚು. ನಮ್ಮೂರ ವೆಲ್ಡಿಂಗ್ ಶಾಪಿನವರು, "25 ಮಿ.ಮೀ. ಪ್ಲೇಟಲ್ಲಿ ನಾಲ್ಕಡಿ ಉದ್ದದ ಒಂಟಿ ಹಲ್ಲು ಮಾಡೋಣ, ಎರಡೂ ಪಕ್ಕಕ್ಕೆ ಲಾರಿ ಕಮಾನ್ ಪಟ್ಟಿ ಕೂರಿಸಿ ವೆಲ್ಡ್ ಹೊಡೆಯೋಣ, ಜನ್ಮದಲ್ಲಿ ಬಾಗಲ್ಲ" ಅಂತಾರೆ. ನಮ್ಮ ಆಪರೇಟರ್‌ಗೆ ಭಯ. ಒಂಟಿ ಹಲ್ಲು ಹಾಕಿದರೆ ಡಿಪ್ಪರ್ (ಬಕೆಟ್ ಹಿಡಿದಿರುವ ತೋಳಿನ ತುದಿ ಭಾಗ) ಸೀಳುತ್ತೆ ಅಂತಾನೆ. ಯಾರ ಮಾತು ಸರಿ? ಮಾಡಿಸಬಹುದಾ, ಬೇಡವಾ? ಮಾಡಿಸಿದರೆ ಯಾವ ಉಕ್ಕು, ಎಷ್ಟು ದಪ್ಪ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ರಿಪ್ಪರನ್ನು, ಅಂದರೆ ಬಕೆಟ್ಟಿನ ಬದಲು ತೋಳಿಗೆ ಹಾಕುವ ಈ ಒಂಟಿ ಹಲ್ಲನ್ನು, ಊರಲ್ಲೇ ಮಾಡಿಸಬಹುದು. ನೆಟ್ಟಗೆ ಮಾಡಿದ, ನೆಟ್ಟಗೆ ನಡೆಸಿದ ಒಂಟಿ ಹಲ್ಲಿನಿಂದ ಡಿಪ್ಪರ್ ಸೀಳುವುದಿಲ್ಲ. ಆದರೆ ನಿಮ್ಮ ವೆಲ್ಡರ್ ಹೇಳಿದ ಉದ್ದ, ದಪ್ಪ, ಕಮಾನ್ ಪಟ್ಟಿ, ಮೂರನ್ನೂ ಬದಲಾಯಿಸಬೇಕು. ಅವರ ಮಾತಿನಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು "ಜನ್ಮದಲ್ಲಿ ಬಾಗಲ್ಲ" ಅನ್ನುವುದು. ಬಾಗದ ರಿಪ್ಪರ್ ನಿಮಗೆ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಲೆಕ್ಕ. ಎರಡು ಮೀಟರಿಗೆ ಒಂದರಂತೆ ನೆಟ್ಟ ನೀಲಗಿರಿಯಾದರೆ ಎಕರೆಗೆ ಸಾವಿರ ಬೊಡ್ಡೆ ಲೆಕ್ಕ. ಸತ್ತದ್ದು, ಹುಟ್ಟದ್ದು ಬಿಟ್ಟರೂ ಎಂಟು ಎಕರೆಗೆ ಆರೇಳು ಸಾವಿರ. ದಿನಕ್ಕೆ ನಲವತ್ತು ಅಂದರೆ ಅರ್ಧ ವರ್ಷ ಬರೀ ಇದೇ ಕೆಲಸ. ಒಳ್ಳೆ ರಿಪ್ಪರ್, ಪಳಗಿದ ಆಪರೇಟರ್ ಇದ್ದರೆ ಗಂಟೆಗೆ ಹನ್ನೆರಡರಿಂದ ಹದಿನೈದು ಬೊಡ್ಡೆ ತೆಗೆದದ್ದನ್ನು ನೋಡಿದ್ದೇನೆ, ಅದೂ ನೆಲ ಹದವಾಗಿದ್ದಾಗ. ದಿನಕ್ಕೆ ನೂರು ಅಂತ ಇಟ್ಟುಕೊಂಡರೂ ಎರಡು ತಿಂಗಳ ಮೇಲೆ ಹಿಡಿಯುತ್ತದೆ. ರಿಪ್ಪರ್ ಬಂದ ತಕ್ಷಣ ವಾರದಲ್ಲಿ ಹೊಲ ಖಾಲಿ ಆಗುತ್ತೆ ಅಂತ ಲೆಕ್ಕ ಹಾಕಿದ್ದರೆ ಅದನ್ನು ಈಗಲೇ ಬಿಟ್ಟುಬಿಡಿ.

ಈಗ ಬಕೆಟ್ ಯಾಕೆ ಸೋತಿತು ನೋಡೋಣ. ಬಕೆಟ್ ಇರುವುದು ಮಣ್ಣು ತುಂಬಿಕೊಳ್ಳಲು. ಐದು ಹಲ್ಲಿನ ಮೇಲೆ ಬಲ ಹಂಚಿಹೋಗುತ್ತದೆ. ಬೇರಿನ ಕೆಳಗೆ ಬಾಯಿ ತೂರಿಸಿದಾಗ ಬೇರು ಮೂಲೆಯ ಒಂದು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಯಂತ್ರದ ಅಷ್ಟೂ ಬಲ ಆ ಮೂಲೆಗೆ ಬಂದು ಬಕೆಟ್ಟನ್ನು ತಿರುಚುತ್ತದೆ. ನಿಮ್ಮ ಬಕೆಟ್ಟಿನ ಬಾಯಿ ಒಂದೇ ಕಡೆ ಸೊಟ್ಟಗಾದದ್ದು ಅದಕ್ಕೇ. ರಿಪ್ಪರ್ ಹಾಗಲ್ಲ. ಅದು ತೋಳಿನ ನಡುಗೆರೆಯಲ್ಲಿ ಇರುವ ಒಂದೇ ಉಗುರು. ಬಲ ನೇರವಾಗಿ ಡಿಪ್ಪರ್ ಉದ್ದಕ್ಕೆ ಹೋಗುತ್ತದೆ. ಆ ಲೆಕ್ಕದಲ್ಲಿ ನೋಡಿದರೆ ಮೂಲೆ ಹಲ್ಲಿನಿಂದ ಬೊಡ್ಡೆ ಎಬ್ಬಿಸುವುದಕ್ಕಿಂತ ನಡುವಿನ ಒಂಟಿ ಹಲ್ಲೇ ಡಿಪ್ಪರ್‌ಗೆ ಹಿತ. ನಿಮ್ಮ ಆಪರೇಟರ್ ಹೆದರಿದ್ದು ತಪ್ಪಲ್ಲ. ಆದರೆ ಡಿಪ್ಪರ್ ಸೀಳುವುದು ಹಲ್ಲು ಒಂದೇ ಇದೆ ಅಂತಲ್ಲ, ಹಲ್ಲನ್ನು ಪಕ್ಕಕ್ಕೆ ಎಳೆದಾಗ.

ಇನ್ನೊಂದು ವಿಷಯ ಬಹಳ ಜನ ತಲೆಕೆಳಗು ಮಾಡಿಕೊಂಡಿರುತ್ತಾರೆ. ಹೆಸರು ರಿಪ್ಪರ್ ಅಂತಿದ್ದರೂ ನಿಮಗೆ ಬೇಕಾದದ್ದು ಬೊಡ್ಡೆ ಕೀಳುವ ಕೊಕ್ಕೆ ಅಲ್ಲ, ಬೇರು ಕತ್ತರಿಸುವ ಉಗುರು. ನೀಲಗಿರಿ ಬೊಡ್ಡೆಯನ್ನು ನೆಲಕ್ಕೆ ಹಿಡಿದಿರುವುದು ಮೇಲಿನ ಎರಡಡಿ ಮಣ್ಣಿನಲ್ಲಿ ಸುತ್ತ ಹರಡಿದ ಪಕ್ಕದ ಬೇರುಗಳು. ಅವು ಇರುವ ತನಕ ಏಳೂವರೆ ಟನ್ ಯಂತ್ರ ಹಿಂದಿನ ಚಕ್ರ ಎತ್ತಿಕೊಂಡು ಕುಣಿಯುತ್ತದೆಯೇ ಹೊರತು ಬೊಡ್ಡೆ ಅಲ್ಲಾಡಲ್ಲ. ಅವನ್ನು ಮೂರು ಕಡೆ ಹರಿದುಬಿಟ್ಟರೆ ಕಷ್ಟದ ಕೆಲಸ ಮುಗಿದ ಹಾಗೆ. ಉಳಿದದ್ದನ್ನು ಬುಡಕ್ಕೆ ಉಗುರು ಕೊಟ್ಟು ಮಡಚಿದರೆ ಬರುತ್ತದೆ.

ಉದ್ದ ಜಾಸ್ತಿ ಆದರೆ ಬಲ ಕಡಿಮೆ

ನಾಲ್ಕಡಿ ಉದ್ದ ಇದ್ದರೆ ಆಳಕ್ಕೆ ಹೋಗುತ್ತೆ, ಬಲ ಜಾಸ್ತಿ ಸಿಗುತ್ತೆ ಅಂತ ನಿಮ್ಮವರು ಅಂದುಕೊಂಡಿರಬಹುದು. ಸನ್ನೆಕೋಲು ಉದ್ದ ಇದ್ದಷ್ಟೂ ಬಲ ಅನ್ನುವುದು ಕೈಯಲ್ಲಿ ಹಿಡಿದ ತುದಿಯ ಮಾತು. ಇಲ್ಲಿ ಉದ್ದ ಬೆಳೆಯುತ್ತಿರುವುದು ಕೆಲಸ ಮಾಡುವ ತುದಿ.

ಲೆಕ್ಕ ಹೀಗೆ. ಬಕೆಟ್ ಪಿನ್ನಿನಿಂದ ಹಲ್ಲಿನ ತುದಿಗೆ 900 ಮಿ.ಮೀ., ತುದಿಯಲ್ಲಿ ಸಿಗುವ ಬಲ ಐದೂವರೆ ಟನ್ ಅಂತ ಇಟ್ಟುಕೊಳ್ಳೋಣ. ನಿಮ್ಮ ಯಂತ್ರದ ಸರಿ ಅಂಕಿ ಅದರ ಪುಸ್ತಕದಲ್ಲಿರುತ್ತದೆ, ಅದನ್ನು ಹಾಕಿ ನೋಡಿ. ಬಕೆಟ್ ಮಡಚುವ ಸಿಲಿಂಡರ್ ಅದೇ, ಅದನ್ನು ಬಕೆಟ್ಟಿಗೆ ಜೋಡಿಸುವ ಲಿಂಕ್ ಅದೇ. ಹಾಗಾಗಿ ಉದ್ದ ಬದಲಾದ ಹಾಗೆ ತುದಿಯ ಬಲ ಬದಲಾಗುತ್ತದೆ. ನಾಲ್ಕಡಿ, ಅಂದರೆ 1200 ಮಿ.ಮೀ. ಮಾಡಿದರೆ ತುದಿಯಲ್ಲಿ ಉಳಿಯುವುದು ನಾಲ್ಕು ಟನ್ ಚಿಲ್ಲರೆ. ಅದೇ 700 ಮಿ.ಮೀ.ಗೆ ಇಳಿಸಿದರೆ ಏಳು ಟನ್. ಒಂದು ಪೈಸೆ ಖರ್ಚಿಲ್ಲದೆ, ಪಂಪಿನ ಪ್ರೆಶರ್ ಮುಟ್ಟದೆ ಇಷ್ಟು ಸಿಗುತ್ತದೆ.

ಪ್ರೆಶರ್ ಮಾತು ಬಂತು, ಹೇಳಿಬಿಡುತ್ತೇನೆ. ಎಣ್ಣೆಯ ಪ್ರೆಶರ್ ಮಿತಿ ಮೀರದಂತೆ ತಡೆಯುವುದು ರಿಲೀಫ್ ವಾಲ್ವ್. "ರಿಲೀಫ್ ವಾಲ್ವ್ ಅರ್ಧ ಸುತ್ತು ಬಿಗಿ ಮಾಡಿದ್ರೆ ಜಾಸ್ತಿ ಎಳೆಯುತ್ತೆ" ಅನ್ನುವ ಮೆಕ್ಯಾನಿಕ್ ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ. ಎಳೆಯುತ್ತೆ, ನಿಜ. ಹತ್ತು ವರ್ಷದ ಹಳೆ ಹೋಸು, ಹಳೆ ಸೀಲು, ಹಳೆ ಪಂಪು ಎಲ್ಲ ಅದರ ಬೆಲೆ ಕೊಡುತ್ತವೆ. ಹೋಸ್ ಒಡೆದು ಬಿಸಿ ಎಣ್ಣೆ ಯಾರದೋ ಮೈಮೇಲೆ ಹೋದರೆ ಅದಕ್ಕೆ ಬೆಲೆ ಕಟ್ಟಲಾಗಲ್ಲ. ಆ ವಾಲ್ವ್ ಮುಟ್ಟಬೇಡಿ.

700 ಮಿ.ಮೀ. ಕೊಕ್ಕು, ಅಂದರೆ ರಿಪ್ಪರಿನ ಈ ಒಂಟಿ ಉಗುರು, ನೆಲದೊಳಗೆ ಒಂದೂವರೆ ಅಡಿ ಸಲೀಸಾಗಿ ಹೋಗುತ್ತದೆ. ನಿಮ್ಮ ಕಡೆಯ ಕೆಂಪು ಮಣ್ಣು, ಅದರ ಕೆಳಗಿನ ಗರಸಿಗೆ ಅದು ಸಾಕು. ಆಳ ಬೇಕಾದ ಕಡೆ ಎರಡು ಸಲ ಎಳೆಯಿರಿ.

ದಪ್ಪದ ಲೆಕ್ಕ: ಮುಂದಕ್ಕಲ್ಲ, ಪಕ್ಕಕ್ಕೆ

25 ಮಿ.ಮೀ. ಪ್ಲೇಟು ಕೈಯಲ್ಲಿ ಹಿಡಿದರೆ ಬಹಳ ಗಟ್ಟಿ ಅನ್ನಿಸುತ್ತದೆ. ಮುಂದಕ್ಕೆ ಎಳೆಯುವಾಗ ಅದು ಹೇಗೋ ತಡೆದುಕೊಳ್ಳುತ್ತದೆ. ಕೊಕ್ಕಿನ ಬುಡ ಪಿನ್ನಿನಿಂದ 200 ಮಿ.ಮೀ. ಕೆಳಗೆ ಅಂತ ಹಿಡಿಯೋಣ. ಅಲ್ಲಿ ಅಗಲ 200 ಮಿ.ಮೀ. ಇದ್ದರೆ, ನಾಲ್ಕಡಿ ಉದ್ದಕ್ಕೆ ಅಲ್ಲಿ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 24 ಕೆ.ಜಿ. ಅಂಗಡಿಯಲ್ಲಿ ಎಂಎಸ್ ಪ್ಲೇಟ್ ಅಂತ ಕೊಡುವ ಇ250 ದರ್ಜೆಯ ಉಕ್ಕು ಶಾಶ್ವತವಾಗಿ ಬಾಗಲು ಶುರು ಮಾಡುವುದು 25ಕ್ಕೆ. ಅಂದರೆ ಅಂಚಿನಲ್ಲಿ ನಿಂತಿದ್ದೀರಿ, ಅಷ್ಟೇ.

ಪಕ್ಕದ ಲೆಕ್ಕ ನೋಡಿ. ಆಪರೇಟರ್ ಕೊಕ್ಕು ನೆಲದಲ್ಲಿರುವಾಗಲೇ ತೋಳನ್ನು ಪಕ್ಕಕ್ಕೆ ತಿರುಗಿಸುವ ಸ್ವಿಂಗ್ ಲಿವರ್ ಮುಟ್ಟುತ್ತಾನೆ. ಬೇಕು ಅಂತಲ್ಲ, ಕೈ ಅಭ್ಯಾಸ. ಅಥವಾ ದಪ್ಪ ಬೇರು ಓರೆಯಾಗಿ ಸಿಕ್ಕಿ ಕೊಕ್ಕನ್ನು ಪಕ್ಕಕ್ಕೆ ತಳ್ಳುತ್ತದೆ. ಪಕ್ಕದಿಂದ ಬರೀ ಒಂದು ಟನ್ ಬಿದ್ದರೂ ನಾಲ್ಕಡಿ ಉದ್ದದ 25 ಮಿ.ಮೀ. ಪ್ಲೇಟಿನ ಬುಡದಲ್ಲಿ ಒತ್ತಡ 48ಕ್ಕೆ ಹೋಗುತ್ತದೆ. ಎಂಎಸ್ ಏನು, ಅದಕ್ಕಿಂತ ಒಂದು ದರ್ಜೆ ಮೇಲಿನದೂ ಬಾಗುತ್ತದೆ. ಅದೇ 40 ಮಿ.ಮೀ. ದಪ್ಪ, 700 ಉದ್ದದ ಕೊಕ್ಕಿನಲ್ಲಿ ಆ ಒಂದು ಟನ್ನಿಗೆ ಬರುವುದು 10ರ ಒಳಗೆ. ಪ್ಲೇಟಿನ ದಪ್ಪ ಒಂದೂವರೆ ಪಟ್ಟು ಚಿಲ್ಲರೆ ಆಯಿತು, ಉದ್ದ ಅರ್ಧಕ್ಕೆ ಹತ್ತಿರ ಇಳಿಯಿತು, ಪಕ್ಕದ ತಾಳಿಕೆ ಐದು ಪಟ್ಟಾಯಿತು. ಹಾಗಾಗಿ ನನ್ನ ಸಲಹೆ 40 ಮಿ.ಮೀ. ಒಂದೇ ಪ್ಲೇಟು. ಎರಡು 20 ಮಿ.ಮೀ. ಪ್ಲೇಟು ಜೋಡಿಸಿ ಅಂಚಿಗೆ ವೆಲ್ಡ್ ಹೊಡೆದರೆ ಅದು 40 ಆಗುವುದಿಲ್ಲ. ಅಂಚಿನ ವೆಲ್ಡ್ ಬಿಟ್ಟರೆ ಎರಡೂ ಬೇರೆಬೇರೆಯಾಗಿ ಬಾಗುತ್ತವೆ.

ಲಾರಿ ಕಮಾನ್ ಪಟ್ಟಿಯ ಕತೆ

ಕಮಾನ್ ಪಟ್ಟಿ ಕೆಟ್ಟ ಉಕ್ಕು ಅಂತ ನಾನು ಹೇಳುತ್ತಿಲ್ಲ. ಬಹಳ ಒಳ್ಳೆಯ ಉಕ್ಕು. ನಮ್ಮ ಕುಲುಮೆಯ ಆಚಾರಿಗಳು ಮಚ್ಚು, ಕೊಡಲಿ ಮಾಡಲು ಅದನ್ನೇ ಹುಡುಕುತ್ತಾರೆ. ಆದರೆ ಅವರು ಅದನ್ನು ಕಾಯಿಸಿ ಬಡಿಯುತ್ತಾರೆ, ಆಮೇಲೆ ನೀರು ಕೊಡುತ್ತಾರೆ. ವೆಲ್ಡ್ ಮಾಡುವುದಿಲ್ಲ. ಗುಟ್ಟು ಇರುವುದು ಅಲ್ಲೇ.

ಆ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ನೂರಕ್ಕೆ ಅರ್ಧ ಭಾಗದ ಮೇಲೆ. ಎಂಎಸ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ವೆಲ್ಡ್ ಪಕ್ಕದ ಪಟ್ಟಿ ಕೆಂಪಗೆ ಕಾದು, ಸುತ್ತಲಿನ ತಣ್ಣನೆ ಉಕ್ಕು ಅದರ ಬಿಸಿ ಹೀರಿಕೊಂಡು, ಕ್ಷಣದಲ್ಲಿ ತಣ್ಣಗಾಗುತ್ತದೆ. ಕಾದ ಕಬ್ಬಿಣ ನೀರಿಗೆ ಅದ್ದಿದ ಹಾಗೆ. ವೆಲ್ಡ್ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಅಗಲದ ಪಟ್ಟೆ ಗಾಜಿನಂತೆ ಪೆಡಸಾಗಿಬಿಡುತ್ತದೆ. ಮೇಲೆ ನೋಡಲು ವೆಲ್ಡ್ ಚೆನ್ನಾಗಿರುತ್ತದೆ. ಒಳಗೆ ಬಿರುಕು ಆಗಲೇ ಬಿಟ್ಟಿರುತ್ತದೆ, ಕೆಲವು ಸಲ ಮಾರನೇ ದಿನ ಬಿಡುತ್ತದೆ. ಆ ಬಿರುಕು ಪಟ್ಟಿಯಲ್ಲೇ ನಿಲ್ಲುವುದಿಲ್ಲ. ಪಕ್ಕದ ಒಳ್ಳೆ ಪ್ಲೇಟಿಗೂ ನುಗ್ಗುತ್ತದೆ. ಬಲ ಕೊಡಲಿ ಅಂತ ಹಾಕಿದ ಪಟ್ಟಿಯೇ ಮುರಿಯಲು ದಾರಿ ತೋರಿಸುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಾಡಿದ ಮೊದಲ ರಿಪ್ಪರಿಗೆ ಕಮಾನ್ ಪಟ್ಟಿಯನ್ನೇ ಹಾಕಿದ್ದೆ. ಮಳೆಗಾಲ, ತೇವದ ರಾಡು, ಅವಸರದ ಕೆಲಸ. ಮೂರನೇ ದಿನ ಪಟಾಕಿ ಸದ್ದಿನ ಹಾಗೆ ಬುಡದಲ್ಲೇ ಮುರಿಯಿತು. ಒಂದಡಿ ಉದ್ದದ ತುಂಡು ಹಾರಿ ಹುಣಸೆ ಮರಕ್ಕೆ ನೆಟ್ಟಿತು. ಐದು ನಿಮಿಷದ ಹಿಂದೆ ಅದೇ ಮರದ ಕೆಳಗೆ ಇಬ್ಬರು ಬೀಡಿ ಸೇದುತ್ತಾ ಕೂತಿದ್ದರು. ನನ್ನ ತಪ್ಪು, ಬೇರೆ ಯಾರದ್ದೂ ಅಲ್ಲ.

"ಬಾಗದ ರಿಪ್ಪರ್ ಬೇಡ" ಅಂದದ್ದು ಇದಕ್ಕೇ. ಬಾಗುವ ಉಕ್ಕು ಮೊದಲೇ ಹೇಳಿ ಸೋಲುತ್ತದೆ. ಸಂಜೆ ನೋಡಿದಾಗ ಕೊಕ್ಕು ಒಂದಿಷ್ಟು ವಾಲಿರುತ್ತದೆ, ನೀವು ನಿಲ್ಲಿಸುತ್ತೀರಿ. ಪೆಡಸು ಉಕ್ಕು ಹೇಳದೆ ಕೇಳದೆ ಮುರಿಯುತ್ತದೆ. ಎರಡೂ ಆಗದಷ್ಟು ಬಲವಾಗಿ ಮಾಡಿದರೋ, ಆಗ ಸೋಲುವುದು ಮುಂದಿನ ಕೊಂಡಿ, ಅಂದರೆ ಲಿಂಕು, ಸಿಲಿಂಡರ್ ರಾಡು, ಇಲ್ಲವೇ ಡಿಪ್ಪರ್. ನಾನು ಯಾವಾಗಲೂ ಈ ಸಾಲಿನಲ್ಲಿ ಸೋಲು ಬರೆಯುತ್ತೇನೆ: ಮೊದಲು ತುದಿಯ ಹಲ್ಲು ಮುರಿಯಲಿ, ಆಮೇಲೆ ಕೊಕ್ಕು ಬಾಗಲಿ, ಡಿಪ್ಪರ್ ತನಕ ಬರುವುದೇ ಬೇಡ. ಹಲ್ಲು ಕೆಲವು ನೂರು ರೂಪಾಯಿಯ ಸಾಮಾನು. ಡಿಪ್ಪರ್ ಎಷ್ಟು ಅಂತ ಬಿಡಿಭಾಗದ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ, ರಾತ್ರಿ ನಿದ್ದೆ ಬರಲ್ಲ.

ರೈಲು ಹಳಿ ತುಂಡು ಇದೆ, ಅದರಲ್ಲಿ ಮಾಡಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಅದರಲ್ಲಿ ಇಂಗಾಲ ಕಮಾನ್ ಪಟ್ಟಿಗಿಂತಲೂ ಜಾಸ್ತಿ, ವೆಲ್ಡಿಂಗಿಗೆ ಇನ್ನೂ ಕಷ್ಟ. ಮೇಲಾಗಿ, ಸರಿಯಾದ ಕಾಗದ ಇಲ್ಲದೆ ರೈಲ್ವೆ ಸಾಮಾನು ಇಟ್ಟುಕೊಂಡರೆ 1966ರ ಕಾಯ್ದೆಯಲ್ಲಿ ಕೇಸು. ಸುಮ್ನೆ ತಲೆನೋವು.

ಹಾಗಾದರೆ ಹೇಗೆ ಮಾಡಿಸುವುದು

ಕೊಕ್ಕಿಗೆ ಇ350 ದರ್ಜೆಯ 40 ಮಿ.ಮೀ. ಪ್ಲೇಟು ಕೇಳಿ. ಈ ದಪ್ಪದಲ್ಲಿ ಚದರ ಮಿಲಿಮೀಟರಿಗೆ 33 ಕೆ.ಜಿ. ತನಕ ತಡೆಯುತ್ತದೆ, ಬಾಗಿದರೂ ಒಮ್ಮೆಲೇ ಮುರಿಯಲ್ಲ, ವೆಲ್ಡಿಂಗಿಗೂ ಒಗ್ಗುತ್ತದೆ. ಸಿಗದಿದ್ದರೆ ಇ250 ಸಾಕು, ಬುಡದ ಅಗಲವನ್ನು 200ರ ಬದಲು 240 ಮಾಡಿ. ಹಾರ್ಡಾಕ್ಸ್ ತರಹದ ಸವೆಯದ ಪ್ಲೇಟಿನ ಆಸೆ ಬೇಡ. ಅದನ್ನು ವೆಲ್ಡ್ ಮಾಡಲು ಬೇಕಾದ ಶಿಸ್ತು ಊರ ಶಾಪಿನಲ್ಲಿ ಸಿಗುವುದು ಕಷ್ಟ. ಗುಜರಿಯಲ್ಲಿ ಸಿಕ್ಕ ಹೆಸರಿಲ್ಲದ ದಪ್ಪ ಪ್ಲೇಟೂ ಬೇಡ. ಯಾವ ಉಕ್ಕು ಅಂತ ಗೊತ್ತಿಲ್ಲದೆ ಯಾವ ರಾಡು ಹಾಕುತ್ತೀರಿ?

ಪ್ಲೇಟ್ ಕೊಯ್ಯುವ ಮೊದಲು ಪ್ಲೈವುಡ್‌ನಲ್ಲಿ ಅದೇ ಆಕಾರದ ಮಾದರಿ ಮಾಡಿ. ಈ ಕೆಲಸದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಹೆಜ್ಜೆ ಇನ್ನೊಂದಿಲ್ಲ. ಬಕೆಟ್ ಬಿಚ್ಚಿ, ಪ್ಲೈವುಡ್ ಕೊಕ್ಕನ್ನು ಎರಡೂ ಪಿನ್ನಿಗೆ ತೂಗುಹಾಕಿ, ಇಂಜಿನ್ ನಿಧಾನಕ್ಕೆ ಓಡಿಸಿ, ಸಿಲಿಂಡರನ್ನು ಪೂರ್ತಿ ಒಳಗೆ, ಪೂರ್ತಿ ಹೊರಗೆ ನಡೆಸಿ ನೋಡಿ. ಪೂರ್ತಿ ಮಡಚಿದಾಗ ತುದಿ ಡಿಪ್ಪರಿಗೆ ತಾಗುತ್ತದಾ? ಪೂರ್ತಿ ಬಿಚ್ಚಿದಾಗ ಹಿಂಬದಿ ಲಿಂಕಿಗೆ ಗುದ್ದುತ್ತದಾ? ತಾಗಿದ ಕಡೆ ಗರಗಸ ಹಾಕಿ, ಮತ್ತೆ ನೋಡಿ. ಉಕ್ಕಿನಲ್ಲಿ ಮಾಡಿದ ಮೇಲೆ ಗೊತ್ತಾದರೆ ಸಿಲಿಂಡರ್ ರಾಡು ಬಾಗಿದ ಮೇಲೇ ಗೊತ್ತಾಗುವುದು. ಎರಡು ಪಿನ್ನುಗಳ ನಡುವಿನ ದೂರ ನಿಮ್ಮ ಬಕೆಟ್ಟಿನಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು. ಬೇರೆ ಮಾಡೆಲಿನ ಅಳತೆ ತರಬೇಡಿ. ಪಿನ್ನಿನ ವ್ಯಾಸವನ್ನು ಸವೆದ ಕಡೆ ಅಲ್ಲ, ಸವೆಯದ ತುದಿಯಲ್ಲಿ ವರ್ನಿಯರ್ ಇಟ್ಟು ಅಳೆಯಿರಿ.

ಆಕಾರ ಹದ್ದಿನ ಕೊಕ್ಕಿನ ಹಾಗಿರಲಿ. ತುದಿ ನೆಲಕ್ಕೆ ಇಳಿಯುವಾಗ 45 ಡಿಗ್ರಿ ಆಸುಪಾಸು ಇದ್ದರೆ ತಾನಾಗಿ ಒಳಗೆ ಹೋಗುತ್ತದೆ. ನೇರ ಇಳಿಸಿದರೆ ಕೆರೆಯುತ್ತದೆ ಅಷ್ಟೇ. ಒಳಬಾಗಿನ ಅಂಚನ್ನು ಎರಡೂ ಕಡೆಯಿಂದ ಓರೆ ಉಜ್ಜಿ ಎಂಟು ಹತ್ತು ಮಿಲಿಮೀಟರಿಗೆ ತನ್ನಿ. ಮಚ್ಚಿನಷ್ಟು ಹರಿತ ಬೇಡ, ಕಲ್ಲಿಗೆ ತಾಗಿ ಒಂದೇ ದಿನದಲ್ಲಿ ಹೋಗುತ್ತದೆ. ಒಳಬಾಗಿನಲ್ಲಿ ಎಲ್ಲೂ ಚೂಪು ಮೂಲೆ ಇರಕೂಡದು, ಅರ್ಧ ಚಂದ್ರದ ಹಾಗೆ ದೊಡ್ಡ ತಿರುವು ಬೇಕು. ಗ್ಯಾಸ್ ಕಟಿಂಗಿನ ಗೀರುಗಳನ್ನು ಗ್ರೈಂಡರಿನಿಂದ ಉದ್ದುದ್ದಕ್ಕೆ ಉಜ್ಜಿ ನುಣುಪು ಮಾಡಿಸಿ. ಅಡ್ಡ ಉಳಿದ ಒಂದು ಗೀರು ಸಾಕು, ಬಿರುಕು ಅಲ್ಲಿಂದಲೇ ಶುರು. ಇಂಟರ್‌ನೆಟ್‌ನಲ್ಲಿ ಹಿಂಬದಿಗೆ ಗರಗಸದ ಹಲ್ಲು ಕೊಯ್ದ ರಿಪ್ಪರ್ ನೋಡಿರುತ್ತೀರಿ. ನೋಡಲು ಚೆಂದ. ಬಲ ಬೀಳುವ ಅಂಚಿನಲ್ಲಿ ನಾವೇ ಹತ್ತು ಕಡೆ ಕಚ್ಚು ಹಾಕಿದ ಹಾಗೆ.

ತುದಿಗೆ ಜೆಸಿಬಿ ಬಕೆಟ್ಟಿನ ಹಲ್ಲನ್ನೇ ಹಾಕಿ. ಹಲ್ಲು ಕೂರುವ ಅಡಾಪ್ಟರನ್ನು ಕೊಕ್ಕಿಗೆ ವೆಲ್ಡ್ ಮಾಡಿದರೆ ಹಲ್ಲು ಸವೆದಾಗ ಪಿನ್ನು ಹೊಡೆದು ಬದಲಾಯಿಸಬಹುದು. ಕೊಕ್ಕನ್ನು ಹಿಡಿಯುವ ಎರಡು ಕಿವಿಗಳಿಗೆ 25 ಮಿ.ಮೀ. ಪ್ಲೇಟು ಸಾಕು. ಅವೆರಡರ ನಡುವೆ ಕೊಕ್ಕು ಕೂರಲು ಅಡ್ಡ ಪ್ಲೇಟು ಬೇಕು, ಡಬ್ಬಿ ತರಹ. ಪಿನ್ನು ಕೂರುವ ಬಾಸುಗಳನ್ನು ದಪ್ಪ ಗೋಡೆಯ ಸೀಮ್‌ಲೆಸ್ ಪೈಪಿನಲ್ಲಿ ಮಾಡಿಸಿ, ಒಳಗೆ ಬದಲಾಯಿಸಬಹುದಾದ ಬುಶ್ (ಪಿನ್ನಿನ ಸುತ್ತ ಸವೆಯುವ ಬಳೆ) ಇರಲಿ. ಎಲ್ಲ ವೆಲ್ಡ್ ಮುಗಿದ ಮೇಲೆ ಲೈನ್ ಬೋರಿಂಗ್, ಅಂದರೆ ಎರಡೂ ಕಡೆಯ ತೂತುಗಳನ್ನು ಒಂದೇ ಗೆರೆಯಲ್ಲಿ ಕೊರೆಯುವುದು, ಮಾಡಿಸಲೇಬೇಕು. ವೆಲ್ಡ್ ಮಾಡಿದ ಉಕ್ಕು ಎಳೆದುಕೊಳ್ಳುತ್ತದೆ. ಮೊದಲೇ ಕೊರೆದ ತೂತುಗಳು ಒಂದೇ ಗೆರೆಯಲ್ಲಿ ಉಳಿಯುವುದಿಲ್ಲ. ಆಮೇಲೆ ಪಿನ್ನನ್ನು ಸುತ್ತಿಗೆಯಲ್ಲಿ ಹೊಡೆದು ತೂರಿಸುವವರನ್ನು ಬಹಳ ನೋಡಿದ್ದೇನೆ. ಗಡಸು ಪಿನ್ನಿಗೆ ಸುತ್ತಿಗೆ ಬಿದ್ದು ಚೂರು ಹಾರಿ ಕಣ್ಣು ಕಳೆದುಕೊಂಡವರೂ ಇದ್ದಾರೆ. ಹೊಡೆಯುವುದೇ ಆದರೆ ನಡುವೆ ಹಿತ್ತಾಳೆ ತುಂಡು ಇಡಿ, ಕನ್ನಡಕ ಹಾಕಿ.

ವೆಲ್ಡಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಮನೆ ರಿಪ್ಪರುಗಳು ಮುರಿಯುವುದೇ ಇಲ್ಲಿ. ಗೇಟು, ಕಿಟಕಿಗೆ ಹೊಡೆಯುವ 6013 ರಾಡು ಇದಕ್ಕೆ ಆಗಲ್ಲ. 7018 ರಾಡು ತನ್ನಿ. ಅದು ಪ್ಯಾಕೆಟ್ ಒಡೆದ ತಕ್ಷಣ ಗಾಳಿಯ ತೇವ ಹೀರುತ್ತದೆ. ಆ ತೇವದ ಹೈಡ್ರೋಜನ್ ವೆಲ್ಡಿನೊಳಗೆ ಹೋಗಿ ಬಿರುಕಾಗುತ್ತದೆ. ಒಂದು ಗಂಟೆ 300 ಡಿಗ್ರಿ ಮೇಲೆ ಒಲೆಯಲ್ಲಿ ಕಾಯಿಸಿದ ರಾಡನ್ನೇ ಬಳಸಬೇಕು. ನಿಮ್ಮ ಶಾಪಿನಲ್ಲಿ ರಾಡ್ ಒಲೆ ಇಲ್ಲದಿದ್ದರೆ ಕೋಲಾರದಲ್ಲೋ ನರಸಾಪುರದ ಕಡೆಯೋ ಇರುವ ದೊಡ್ಡ ಫ್ಯಾಬ್ರಿಕೇಶನ್ ಶಾಪಿನಲ್ಲಿ ವೆಲ್ಡ್ ಮಾತ್ರ ಮಾಡಿಸಿ. ಕೊಯ್ಯುವುದು, ಉಜ್ಜುವುದು ಊರಲ್ಲೇ ಆಗಲಿ.

40 ಮಿ.ಮೀ. ಪ್ಲೇಟಿನ ಅಂಚನ್ನು ಎರಡೂ ಕಡೆ ಓರೆ ಮಾಡಿ, ಸಂದಿನ ತಳದಿಂದ ತುಂಬಿಕೊಂಡು ಬರಬೇಕು. ಮೇಲೆ ದಪ್ಪ ಹಾರ ಹಾಕಿದ ಹಾಗೆ ಹೊಡೆದರೆ ಒಳಗೆ ಟೊಳ್ಳು. ವೆಲ್ಡ್ ಮಾಡುವ ಮೊದಲು ಜಾಗವನ್ನು ಗ್ಯಾಸ್ ಜ್ವಾಲೆಯಲ್ಲಿ 120ರಿಂದ 150 ಡಿಗ್ರಿಗೆ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿದರೆ ಚುಂಯ್ ಅಂತ ಕುಣಿದು ಆರಬೇಕು, ಅಷ್ಟು. ಮುಗಿದ ಮೇಲೆ ಒಣ ಸುಣ್ಣದ ಪುಡಿಯಲ್ಲೋ ಬೂದಿಯಲ್ಲೋ ಹೂತು ರಾತ್ರಿಯಿಡೀ ತಣ್ಣಗಾಗಲು ಬಿಡಿ. ನೀರು ಹೊಯ್ಯುವುದು ಬೇಡವೇ ಬೇಡ. ಮಾರನೇ ದಿನ ಬಿರುಕು ಹುಡುಕುವ ಸ್ಪ್ರೇ ಹೊಡೆಯಿರಿ. ಮೂರು ಡಬ್ಬಿ ಬರುತ್ತವೆ: ಒಂದು ಒರೆಸಲು, ಒಂದು ಕೆಂಪು ಬಣ್ಣ, ಒಂದು ಬಿಳಿ ಪುಡಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ವೆಲ್ಡರ್ ಎದುರಿಗೇ ಮಾಡಿ, ವಾದಕ್ಕೆ ಜಾಗ ಇರಲ್ಲ.

ಸವೆಯದಿರಲಿ ಅಂತ ಹಾರ್ಡ್‌ಫೇಸಿಂಗ್ (ಗಡಸು ಪದರ ಕೊಡುವ) ರಾಡಿನಿಂದ ಗೆರೆ ಹಾಕಿಸುವ ಆಸೆ ಇದ್ದರೆ ತುದಿಯ ಹತ್ತಿರ ಮಾತ್ರ. ಅದು ಹಾಕಿದ ಕೂಡಲೇ ಸಣ್ಣ ಸಣ್ಣದಾಗಿ ಒಡೆಯುವ ಸ್ವಭಾವದ್ದು. ಕೊಕ್ಕಿನ ಬುಡದಲ್ಲಿ ಅಡ್ಡಡ್ಡ ಹಾಕಿದರೆ ಬಿರುಕಿಗೆ ನಾವೇ ಬೀಜ ಬಿತ್ತಿದ ಹಾಗೆ.

ಇವೆಲ್ಲವೂ ನೆಲದ ಮೇಲೆ, ಯಂತ್ರದಿಂದ ದೂರ. ಯಂತ್ರಕ್ಕೆ ತೂಗುಹಾಕಿಕೊಂಡು ವೆಲ್ಡ್ ಮಾಡಿದರೆ ಕರೆಂಟು ಪಿನ್ನು ಬುಶ್ಶುಗಳ ಮೂಲಕ ಹಾದು ಅವನ್ನು ಕಚ್ಚುತ್ತದೆ. ತೀರಾ ಅನಿವಾರ್ಯ ಆದರೆ ಬ್ಯಾಟರಿ ವೈರು ಬಿಚ್ಚಿ, ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ತುಂಡಿಗೇ ಹಾಕಿ.

ನಡೆಸುವ ರೀತಿ

ರಿಪ್ಪರ್ ಎಷ್ಟೇ ಚೆನ್ನಾಗಿರಲಿ, ಡಿಪ್ಪರ್ ಉಳಿಯುವುದು ಆಪರೇಟರ್ ಕೈಯಲ್ಲಿ. ಕೊಕ್ಕು ನೆಲದಲ್ಲಿದ್ದಾಗ ಸ್ವಿಂಗ್ ಮುಟ್ಟಬಾರದು. ಇದೊಂದನ್ನು ಕ್ಯಾಬಿನ್ ಗಾಜಿಗೆ ಬರೆದು ಅಂಟಿಸಿ ಬೇಕಾದರೆ. ಬೇರು ಓರೆಯಾಗಿದ್ದರೆ ಕೊಕ್ಕು ಮೇಲೆತ್ತಿ, ತೋಳನ್ನು ನೇರ ಮಾಡಿಕೊಂಡು ಮತ್ತೆ ಇಳಿಸಬೇಕು. ಇಲ್ಲವೇ ಯಂತ್ರವನ್ನೇ ಸರಿಸಬೇಕು.

ಬೊಡ್ಡೆಯಿಂದ ಎರಡಡಿ ದೂರದಲ್ಲಿ ಮೂರು ಕಡೆ ಸೀಳು ಹಾಕಿ, ನಾಲ್ಕನೇ ಕಡೆಯಿಂದ ಬುಡದ ಕೆಳಗೆ ತುದಿ ಕೊಟ್ಟು ಮಡಚಲಿ. ಎಳೆಯುವುದು ಬಕೆಟ್ ಸಿಲಿಂಡರಿನಿಂದ. ಅದರಿಂದ ಬಾರದಿದ್ದರೆ ಬೂಮ್ (ಯಂತ್ರಕ್ಕೆ ಹೊಂದಿದ ತೋಳಿನ ಬುಡ ಭಾಗ) ಎತ್ತಿ ಜಗ್ಗುವುದಲ್ಲ, ಇನ್ನೊಂದು ಬೇರು ಎಲ್ಲಿ ಹಿಡಿದಿದೆ ಅಂತ ಹುಡುಕಬೇಕು. ಯಂತ್ರದ ಹಿಂಬದಿ ಏಳಲು ಶುರುವಾದರೆ ಅಲ್ಲಿಗೆ ನಿಲ್ಲಿಸಬೇಕು. ಯಂತ್ರದ ಹಿಂದಿನ ಎರಡು ಕಾಲು ಊರಿ, ಮುಂದಿನ ಲೋಡರ್ ಬಕೆಟ್ಟನ್ನೂ ನೆಲಕ್ಕೆ ಒತ್ತಿರಬೇಕು. ಬಿಗಿಯಾದ ಬೇರು ಹರಿದಾಗ ಬಿಲ್ಲಿನ ಹಾಗೆ ಬಡಿಯುತ್ತದೆ. ತೋಳು ತಿರುಗುವ ಸುತ್ತ ಹತ್ತು ಮೀಟರ್ ಒಳಗೆ ಯಾರೂ ಬೇಡ, ಬೇರು ಎಳೆದು ಹಾಕುವ ಆಳುಗಳೂ ಬೇಡ. ಬೋರ್‌ವೆಲ್ಲಿನ ಕೇಬಲ್ಲು, ಹೂತ ಪೈಪು ಎಲ್ಲಿ ಹೋಗಿದೆ ಅಂತ ಅಪ್ಪನನ್ನು ಮೊದಲೇ ಕೇಳಿ ಸುಣ್ಣದಲ್ಲಿ ಗುರುತು ಹಾಕಿಸಿ. ನಿಮ್ಮ ಹೊಲದ ನಕ್ಷೆ ಅವರ ತಲೆಯಲ್ಲಿ ಇರುತ್ತದೆ, ಅಲ್ವಾ?

ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಗ್ರೀಸು ಒರೆಸಿ, ಡಿಪ್ಪರ್ ತುದಿಯ ಬಾಸಿನ ಸುತ್ತ, ಲಿಂಕು, ಸಿಲಿಂಡರ್ ಕಣ್ಣು, ಕೊಕ್ಕಿನ ಬುಡ, ಈ ನಾಲ್ಕು ಕಡೆ ನೋಡಿ. ತುಕ್ಕು ಬಣ್ಣದ ಸಣ್ಣ ಗೆರೆ ಕಂಡರೆ ಅವತ್ತು ಕೆಲಸ ಬೇಡ.

ಕಾಲವೂ ಮುಖ್ಯ. ಹದ ಮಳೆ ಬಿದ್ದು ಎರಡು ಮೂರು ದಿನ ಆದ ಮೇಲೆ ನಿಮ್ಮ ಕೆಂಪು ಮಣ್ಣು ಬೇರನ್ನು ಸುಲಭವಾಗಿ ಬಿಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗರಸು ಕಾಂಕ್ರೀಟು. ನಿಮ್ಮ ಹಲ್ಲು ಮುರಿದದ್ದು ಯಾವ ತಿಂಗಳು ಅಂತ ಬರೆದಿಲ್ಲ. ನನಗೆ ಊಹೆ ಇದೆ.

ಬೇರೆ ದಾರಿಗಳು

ಎಲ್ಲ ಬೊಡ್ಡೆ ತೆಗೆಯಲೇಬೇಕಾ ಅಂತಲೂ ಯೋಚಿಸಿ. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ ನಿಮ್ಮ ಜಿಲ್ಲೆಯಲ್ಲಿ ಬಹಳ ಜನ ಈ ಪ್ರಶ್ನೆ ಕೇಳುತ್ತಿದ್ದಾರೆ. ರಾಗಿಯ ನಾಲ್ಕು ಎಕರೆಗೆ ಉಳುಮೆ ಬೇಕು, ಅಲ್ಲಿ ತೆಗೆಯಲೇಬೇಕು. ಮಾವಿನ ನಾಲ್ಕು ಎಕರೆಯಲ್ಲಿ ಹತ್ತು ಮೀಟರಿಗೊಂದು ಗಿಡ ಇಟ್ಟರೆ ಎಕರೆಗೆ ನಲವತ್ತೇ ಗುಂಡಿ. ಸಾಲಿನ ಉದ್ದಕ್ಕೆ ಮೂರು ಮೀಟರ್ ಅಗಲದ ಪಟ್ಟೆ ಮಾತ್ರ ಈಗ ತೆಗೆದು ಗಿಡ ನೆಡಬಹುದು. ಮಿಕ್ಕ ಬೊಡ್ಡೆಗಳ ಚಿಗುರನ್ನು ಬಂದ ಹಾಗೆ ಮುರಿಯುತ್ತಾ ಬಂದರೆ ಅವು ನಿಧಾನಕ್ಕೆ ಸೊರಗುತ್ತವೆ, ಆಮೇಲೆ ಕೀಳುವುದೂ ಸುಲಭ. ನೀಲಗಿರಿ ಚಿಗುರುವುದು ಬೊಡ್ಡೆಯಿಂದ, ಬುಡದ ಗಂಟಿನಿಂದ. ನೆಲದಲ್ಲಿ ಉಳಿದ ತುಂಡು ಬೇರಿಗೆ ಹೆದರಬೇಕಿಲ್ಲ. ಗಂಟು ಬಂದರೆ ಸಾಕು, ಪ್ರತಿ ಬೇರಿನ ಹಿಂದೆ ಓಡಬೇಡಿ. ಉಳಿದ ತುಂಡುಗಳನ್ನು ಟ್ರ್ಯಾಕ್ಟರ್ ನೇಗಿಲು ಎಬ್ಬಿಸುತ್ತದೆ.

ಅವಸರ ಇದ್ದರೆ ಇಪ್ಪತ್ತು ಟನ್ನಿನ ಇಟಾಚಿ ಬಾಡಿಗೆಗೆ ತರಿಸಿ. ಗಂಟೆಯ ಬಾಡಿಗೆ ಜಾಸ್ತಿ, ಡೀಸೆಲ್ ಎರಡು ಪಟ್ಟಿಗೂ ಮೇಲೆ ಕುಡಿಯುತ್ತದೆ. ಆದರೆ ಬೇರು ಬಿಡಿಸುವ ಗೋಜಿಲ್ಲದೆ ಬೊಡ್ಡೆ ಕಿತ್ತು ಎಸೆಯುತ್ತದೆ. ಬಾಡಿಗೆಯನ್ನು ಗಂಟೆಗೆ ಲೆಕ್ಕ ಹಾಕಬೇಡಿ, ಬೊಡ್ಡೆಗೆ ಎಷ್ಟು ಬಿತ್ತು ಅಂತ ಹಾಕಿ. ಅರ್ಧ ದಿನ ತರಿಸಿ ಎಣಿಸಿ ನೋಡಿದರೆ ಉತ್ತರ ಸಿಗುತ್ತದೆ. ನಿಮ್ಮದೇ ಯಂತ್ರ, ನಿಮ್ಮದೇ ಆಪರೇಟರ್, ಅವಸರ ಇಲ್ಲ ಅಂದರೆ ರಿಪ್ಪರ್ ಲಾಭ. ಅಟ್ಯಾಚ್‌ಮೆಂಟ್ ಮಾಡುವವರಿಂದ ಸಿದ್ಧ ರಿಪ್ಪರ್ ಕೂಡ ಸಿಗುತ್ತದೆ. ಪ್ಲೇಟು, ವೆಲ್ಡು, ಲೈನ್ ಬೋರಿಂಗ್ ಎಲ್ಲ ಸೇರಿಸಿದ ಮೇಲೆ ಅದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸಿದ್ಧವಾದದ್ದನ್ನೇ ತನ್ನಿ, ನನಗೇನೂ ಬೇಜಾರಿಲ್ಲ. ಬಕೆಟ್ಟಿಗೇ ಬೋಲ್ಟು ಹಾಕಿ ಕೂರಿಸುವ ಒಂಟಿ ಹಲ್ಲು ಮಾತ್ರ ಬೇಡ. ನಿಮ್ಮ ಬಕೆಟ್ಟಿನ ಬಾಯಿ ಆಗಲೇ ಸೋತಿದೆ.

ಆ ಬಕೆಟ್ಟನ್ನು ಗುಜರಿಗೆ ಹಾಕಬೇಡಿ. ಬಿರುಕಿನ ಎರಡೂ ತುದಿಗೆ ಆರು ಮಿ.ಮೀ. ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಆಮೇಲೆ ಬಿರುಕಿನ ಉದ್ದಕ್ಕೂ ಗ್ರೈಂಡರಿನಲ್ಲಿ ಓರೆ ತೆಗೆದು, ಬಾಯಿಯನ್ನು ಕಾಯಿಸಿ ಜಾಕಿ ಕೊಟ್ಟು ನೇರ ಮಾಡಿ, 7018 ರಾಡಿನಲ್ಲಿ ತುಂಬಿಸಿ. ಮುರಿದ ಎರಡು ಹಲ್ಲಿಗೆ ಹೊಸ ಹಲ್ಲು ಹಾಕಿಸಿ. ಬೊಡ್ಡೆ ಎದ್ದ ಗುಂಡಿ ಮುಚ್ಚಲು ಹೇಗೂ ಅದೇ ಬಕೆಟ್ ಬೇಕು.